ಹನ್ನೊಂದನೇ ನಂಬರಿನ ಕಡ್ಡಿ

ಎಚ್ಚರಾದದ್ದು ಸಪ್ಪಳಕ್ಕಲ್ಲ, ಸಪ್ಪಳ ನಿಂತದ್ದಕ್ಕೆ.
ಹಿತ್ತಲಲ್ಲಿ ಹಗಲೂ ರಾತ್ರಿ ಗುನುಗುತ್ತಿದ್ದ ನೀರು
ಮಾತಿನ ನಡುವೆ ಎದ್ದುಹೋದವರಂತೆ
ಇದ್ದಕ್ಕಿದ್ದಂತೆ ಇರಲಿಲ್ಲ.

ಕರೆಂಟು ಹೋಯಿತೇನೋ ಎಂದರೆ ಫ್ಯಾನು ತಿರುಗುತ್ತಿತ್ತು.
ಬ್ಯಾಟರಿ ಹಿಡಿದು ಹೊರಗೆ ಬಂದೆ.
ಏಪ್ರಿಲ್ಲು. ರಾತ್ರಿ ಎರಡಕ್ಕೂ ಕಲ್ಲು ಬೆಚ್ಚಗೆ.
ಮುಳುಗಿದ ಓಣಿಯಿಂದ ಟ್ರ್ಯಾಕ್ಟರಿನಲ್ಲಿ ಹೇರಿ ತಂದ ಬಾನಿ ಇದು,
ಅತ್ತೆಯ ಎಮ್ಮೆಗಳು ಗದ್ದ ಊರಿ ಊರಿ
ಒಂದು ಅಂಚು ಸವೆದು ನುಣ್ಣಗಾಗಿದೆ.
ಅಷ್ಟೊಂದು ನೀರು ಬಂದು ಆ ಮನೆಯನ್ನು ನುಂಗಿತು,
ಈ ಸೆಕ್ಟರಿನಲ್ಲಿ ಇದಕ್ಕೆ ನಾವೇ ನೀರು ತುಂಬುತ್ತೇವೆ.
ಒಳಗೆ ಒಂಬತ್ತು ಮೀನು.
ಒಂಬತ್ತೂ ಮೂತಿ ಮೇಲಕ್ಕೆತ್ತಿ
ಗಾಳಿ ಕಚ್ಚುತ್ತಿದ್ದವು.

ಪ್ಲಗ್ ಕಿತ್ತೆ. ಕಿತ್ತಿದ್ದೇನೆಂದು ಎರಡು ಸಲ ನೋಡಿಕೊಂಡೆ.
ಕೈ ಇಳಿಬಿಟ್ಟು ಎತ್ತಿದರೆ
ಸಾಬೂನಿನ ಡಬ್ಬಿಯಷ್ಟು ಪಂಪು, ಮೈತುಂಬ ಹಾವಸೆಯ ಜಡೆ.
ತೊಳೆದೆ, ಊದಿದೆ, ಹಚ್ಚಿದೆ.
ಗರ್ ಎಂದು ನಡುಗಿತೇ ಹೊರತು ಹನಿ ಎತ್ತಲಿಲ್ಲ.
ಬಾಗಿಲಲ್ಲಿ ನಿಂತು ನಮ್ಮನಿಯವರು ಅಂದರು,
"ಮುಂಜಾನೆ ಹೊಸಾದ ತಂದರಾತು, ಬಾ ಮಲಕೋ."

ಮುಂಜಾನೆ ಮನುಷ್ಯರಿಗೆ ಹತ್ತಿರ.
ಹಿತ್ತಾಳೆ ಚರಿಗೆ ತಂದೆ.
ಬಾನಿಯ ನೀರನ್ನೇ ತುಂಬಿ, ತಲೆಯ ಮೇಲಕ್ಕೆತ್ತಿ
ಸಣ್ಣ ಧಾರೆಯಾಗಿ ಬಾನಿಗೇ ಸುರಿದೆ.
ಮತ್ತೆ ತುಂಬಿದೆ. ಮತ್ತೆ.
ನೂರಕ್ಕೊಮ್ಮೆ ಕೂರಬೇಕೆಂದುಕೊಂಡೆ, ಎಣಿಕೆ ತಪ್ಪಿತು.
ಬಲಗೈ ಸೋತಾಗ ಎಡಗೈ,
ಎಡಗೈಯೂ ಸೋತಾಗ ಬೈಗುಳ.
ಗೋಡೆಯಾಚೆ ಯಾರೋ ಕೆಮ್ಮಿ ಕೇಳಿದರು:
"ಇಷ್ಟೊತ್ತನ್ಯಾಗ ಯಾರ್ರೀ ಜಳಕಾ ಮಾಡಾವ್ರು?"

ಬೆಳಗಾಯಿತು. ಚರಿಗೆ ಅವರ ಕೈಗೆ ಕೊಟ್ಟು
ಗುಡುಸಾಬರ ಅಂಗಡಿಗೆ ನಡೆದೆ.
ಮೂರು ಸ್ಕ್ರೂ ತೆಗೆದು, ಒಳಗಿನ ಚಕ್ರ ಎಳೆದು ತೋರಿಸಿದರು:
ಬೆಂಕಿಕಡ್ಡಿಗಿಂತ ತುಸು ದಪ್ಪದ ಪಿಂಗಾಣಿ ಕಡ್ಡಿ,
ನಟ್ಟನಡುವೆ ಎರಡು ತುಂಡು.
"ಮೋಟಾರ್ ಜೀವಂತ ಐತ್ರಿ. ಬೆನ್ನೆಲುಬು ಮುರದೈತಿ.
ಇದೊಂದ ಬ್ಯಾರೆ ಮಾರಂಗಿಲ್ಲ ಕಂಪನಿಯವ್ರು.
ಹೊಸಾ ಪಂಪ್ ಹುಬ್ಬಳ್ಳಿಯಿಂದ ಬರಬೇಕು, ಸೋಮಾರ ಆಕ್ಕೈತಿ."
ಅವತ್ತು ಗುರುವಾರ.

ನಾನು ಜಂಪರು ಹೊಲಿಯುವವಳು, ಇಳಕಲ್ ಸೀರೆಗೆ ಫಾಲ್ ಹಚ್ಚುವವಳು.
ಮೆಷಿನ್ನಿನ ಸಿಟ್ಟು ಸೆಡವು ಬಲ್ಲೆ,
ದಾರ ಎಲ್ಲಿ ಸಿಕ್ಕರೆ ಅದು ಹೇಗೆ ನರಳುತ್ತದೆಂದು ಬಲ್ಲೆ.
ತುಂಡುಗಳನ್ನು ಬೆರಳಲ್ಲಿ ಉರುಳಿಸುತ್ತಿದ್ದರೆ
ಈ ದಪ್ಪ ಎಲ್ಲಿಯೋ ಪರಿಚಯ, ಎಲ್ಲಿಯೋ.

ಟ್ರಂಕಿನ ತಳದಲ್ಲಿತ್ತು.
ಒಂದೇ ತೋಳಿನ ಹಳದಿ ಸ್ವೆಟರು, ಕಡ್ಡಿಯ ಮೇಲೆಯೇ ನಿಂತದ್ದು.
ಬೆಳಗಾವಿಯ ತಂಗಿಯ ಕೂಸಿಗೆಂದು ಹಿಡಿದದ್ದು.
ಬಾಗಲಕೋಟೆಯ ಬಿಸಿಲಲ್ಲಿ ಉಣ್ಣೆ ಮುಟ್ಟಲು ಯಾರಿಗೆ ಮನಸ್ಸು?
ಕೂಸು ನನ್ನ ಕೈಗಿಂತ ಜೋರು ಬೆಳೆದು
ಈಗ ಅದಕ್ಕೆ ಚಿಗುರು ಮೀಸೆ.
ಕಡ್ಡಿಯ ಗುಂಡಿಯ ಮೇಲೆ ಅಚ್ಚು: ಹನ್ನೊಂದು.
ಎಳೆದೆ.
ಕುಣಿಕೆಗಳೆಲ್ಲ ಸಾಲಾಗಿ ಬಾಯಿ ತೆರೆದವು,
ಆ ಬಾಯಿಗಳನ್ನು ರಾತ್ರಿಯೇ ನೋಡಿದ್ದೆ.

ಗುಡುಸಾಬರು ಬ್ಲೇಡಿನಲ್ಲಿ ಕೊಯ್ದರು, ತುದಿ ಉಜ್ಜಿದರು,
ಎಣ್ಣೆಯ ಡಬ್ಬಿಗೆ ಕೈ ಹಾಕಿದರು.
"ಎಣ್ಣಿ ಬ್ಯಾಡ್ರಿ, ಮೀನ ಅದಾವ."
ಹೌದಲ್ಲ ಎಂದು ಎಂಜಲು ಸವರಿ ಕೂರಿಸಿದರು.
"ತುಕ್ಕು ಹಿಡಿತೈತಿ ಮತ್ತ. ಮಳಿಗಾಲ ಕಂಡರ ಪುಣ್ಯ."

ಕಂಡೀತು, ಕಾಣಲಿಕ್ಕಿಲ್ಲ.
ಸೋಮವಾರ ಹೊಸದು ಬಂತು. ಡಬ್ಬಿ ಒಡೆದಿಲ್ಲ,
ಮೆಷಿನ್ನಿನ ಖಾನೆಯಲ್ಲಿ ಜೋಡಿಯ ಇನ್ನೊಂದು ಕಡ್ಡಿಯ ಪಕ್ಕ
ಹಾಗೇ ಇದೆ.
ನೀರು ಮೊದಲಿನಂತೆ ಗುನುಗುವುದಿಲ್ಲ ಈಗ.
ಟಿಕ್ ಟಿಕ್ ಟಿಕ್,
ಬಾನಿಯ ತಳದಲ್ಲಿ ಯಾರೋ ಕೂತು
ಉಳಿದ ತೋಳು ಹೆಣೆಯುತ್ತಿರುವ ಹಾಗೆ.
ರಾತ್ರಿ ಎಚ್ಚರಾದರೆ ಒಂದು ಕ್ಷಣ ಕಿವಿಗೊಟ್ಟು,
ನೋಯುವ ರಟ್ಟೆ ಮೇಲೆ ಮಾಡಿ ಮಗ್ಗುಲಾಗುತ್ತೇನೆ.

ನಮ್ಮನಿಯವರಿಗೆ ಮಾತ್ರ
ಈ ಸಪ್ಪಳಕ್ಕೆ ನಿದ್ದೆಯೇ ಹತ್ತುತ್ತಿಲ್ಲವಂತೆ.